ಗಿಡ್ಡ ಪಿಕಪ್ಪು, ಉದ್ದ ಟ್ರೈಲರು

2025 ಜನವರಿ 6, ಸೋಮವಾರ

ಕಂಬವನ್ನು ಸರಿಯಾಗಿ ಹುಗಿದಿರಲಿಲ್ಲ. ನಾನು ಗುದ್ದಿದ್ದೂ ಅಲ್ಲ, ಕಾರಿನ ಎಡಮೂಲೆ ಸ್ವಲ್ಪ ಸವರಿತು ಅಷ್ಟೆ. ಗಟ್ಟಿಯಾಗಿ ನೆಟ್ಟಿದ್ದರೆ ಅದು ಬೀಳುತ್ತಲೇ ಇರಲಿಲ್ಲ. ಆದರೆ ಆರ್.ಟಿ. ಆಫೀಸಿನವರ ಮೈದಾನದಲ್ಲಿ ನಮ್ಮ ನ್ಯಾಯ ಕೇಳುವವರು ಯಾರು? ಕಂಬ ಬಿತ್ತು, ನಾನು ಫೇಲು.

ಇಪ್ಪತ್ತೆರಡು ವರ್ಷ ಅಬುಧಾಬಿಯಲ್ಲಿ ಟ್ರೈಲರ್ ಓಡಿಸಿದವನು ನಾನು. ಅಲ್ಲಿ ನನ್ನ ಹೆಸರೇ ರಿವರ್ಸ್ ರಹಿಮಾನ್. ಯಾರ್ಡಿನ ಇಕ್ಕಟ್ಟಿಗೆ ಹೆದರಿದ ಪಠಾಣರು, ಬಾಗಿಲಿನಷ್ಟು ಎತ್ತರದ ಗಂಡಸರು, ಕೀಲಿಕೈ ತಂದು ನನ್ನ ಅಂಗೈಯಲ್ಲಿಟ್ಟು, ಇದೊಂದನ್ನು ಒಳಗೆ ಹಾಕಿಕೊಡು ಭಾಯಿ ಎಂದು ಗೋಗರೆಯುತ್ತಿದ್ದರು. ಅಂಥವನಿಗೆ ಇಲ್ಲಿ ನೆಲದಲ್ಲಿ ಕಂಬ ನೆಟ್ಟು, ಇಂಗ್ಲಿಷಿನ ಎಚ್ ಅಕ್ಷರ ಮಾಡಿ, ಅದರೊಳಗೆ ಪುಟ್ಟ ಕಾರನ್ನು ಮುಂದಕ್ಕೂ ಹಿಂದಕ್ಕೂ ತೆಗೆದು ತೋರಿಸು ಎನ್ನುತ್ತಾರೆ. ಊರಿನ ಲೈಸೆನ್ಸಿನ ಅವಧಿ ಯಾವ ಕಾಲದಲ್ಲೋ ಮುಗಿದುಹೋಗಿದ್ದರಿಂದ ಬೇರೆ ದಾರಿಯಿಲ್ಲ. ನನ್ನ ಹಿಂದೆ ನಿಂತಿದ್ದ ಕಾಲೇಜು ಹುಡುಗಿಯರೆಲ್ಲ ಎಚ್ ತೆಗೆದು ನಗುತ್ತಾ ಹೋದರು.

ಮನೆಯವಳು ಏನಾಯಿತೆಂದು ಕೇಳಲಿಲ್ಲ. ಚಹಾ ಕೊಟ್ಟಳು. ಅವಳು ಮೊದಲ ಸಲಕ್ಕೇ ಎಚ್ ತೆಗೆದವಳಂತೆ, ಹತ್ತು ಹನ್ನೊಂದು ವರ್ಷದ ಹಿಂದೆ. ಉಪ್ಪಳದಿಂದ ಕುಂಬಳೆಯವರೆಗಿನ ಹೋಟೆಲುಗಳಿಗೆ ಪತ್ತಿರಿ ಹಂಚುವ ಅವಳದೊಂದು ಪುಟ್ಟ ಗೂಡ್ಸ್ ಗಾಡಿ ಉಂಟು. ಅಕ್ಕಿರೊಟ್ಟಿ ಸಾಗಿಸುವುದಕ್ಕೆ ಎಷ್ಟು ಡ್ರೈವಿಂಗ್ ಬೇಕು?

ಜನವರಿ 17, ಶುಕ್ರವಾರ

ಲೈಸೆನ್ಸ್ ಆಯಿತು. ಈ ಸಲ ಕಂಬಗಳನ್ನು ಗಟ್ಟಿಯಾಗಿ ನೆಟ್ಟಿದ್ದರು.

ಜುಮಾ ಮುಗಿಸಿ ಮಧೂರಿಗೆ ಹೋಗಿ ಸೌದಾಮಿನಿ ಡಾಕ್ಟರನ್ನು ಕಂಡೆ. ಹಲ್ಲಿನ ಡಾಕ್ಟರು, ವಯಸ್ಸು ಚಿಕ್ಕದು, ಹಟ ದೊಡ್ಡದು. ಗುಡ್ಡದ ಮೇಲಿನ ಊರುಗಳ ಮುದುಕರು ಹಲ್ಲುನೋವಿಗೆ ಲವಂಗ ಕಚ್ಚಿಕೊಂಡೇ ಕಾಲ ಕಳೆಯುತ್ತಾರೆ, ಪೇಟೆಗೆ ಬರುವುದಿಲ್ಲ, ಆದ್ದರಿಂದ ಆಸ್ಪತ್ರೆಯೇ ಅವರಲ್ಲಿಗೆ ಹೋಗಬೇಕು ಎಂದು ಹೊರಟಿದ್ದಾರೆ. ಅದಕ್ಕೊಂದು ಟ್ರೈಲರು. ಒಳಗೆ ಒರಗುವ ಕುರ್ಚಿ, ದೀಪ, ನೀರಿನ ಟ್ಯಾಂಕು, ಎಕ್ಸ್‌ರೇ, ಎಲ್ಲ ಉಂಟು. ಒಂದು ಊರಿನಲ್ಲಿ ಅದನ್ನು ಬಿಟ್ಟರೆ ಒಂದು ವಾರ ಅಲ್ಲೇ. ಎಳೆದು ತಂದ ಪಿಕಪ್ ಬಿಚ್ಚಿಕೊಂಡು ನೀರು ತರಲು, ನಡೆಯಲಾಗದವರನ್ನು ಕರೆತರಲು ಓಡಾಡಬಹುದು. ಯೋಚನೆ ಚೆನ್ನಾಗಿದೆ. ಎಳೆಯುವ ಕಾಗದಪತ್ರವನ್ನೆಲ್ಲ ಡಾಕ್ಟರೇ ಮಾಡಿಸಿದ್ದಾರೆ. ಎಳೆಯುವವನು ಮಾತ್ರ ಬೇಕಿತ್ತು. ಕಾಸರಗೋಡು ಜಿಲ್ಲೆಯಲ್ಲಿ ನನ್ನಂಥವನು ಇನ್ನೊಬ್ಬ ಸಿಕ್ಕಿದರೆ ನನಗೂ ತೋರಿಸಿ ಎಂದೆ.

ಪಿಕಪ್ಪನ್ನು ಕಂಡಾಗ ಮಾತ್ರ ಸ್ವಲ್ಪ ನಗು ಬಂತು. ಸಹಾಯಕರು ಕೂರಲೆಂದು ಎರಡು ಸಾಲು ಸೀಟಿನದ್ದು ತೆಗೆದುಕೊಂಡಿದ್ದಾರೆ. ಹಾಗಾಗಿ ಹಿಂದಿನ ಬಾಡಿ ಗಿಡ್ಡ. ಒಂದು ದನ ಮಲಗಿದರೆ ಬಾಲ ಹೊರಗೆ. ಅದರ ನಡುವೆ ಐದನೇ ಚಕ್ರ ಕೂಡಿಸಿದ್ದಾರೆ. ಹೆಸರಿಗೆ ಚಕ್ರ, ನಿಜಕ್ಕೆ ಕುದುರೆಲಾಳದ ಆಕಾರದ ದಪ್ಪ ಕಬ್ಬಿಣದ ತಟ್ಟೆ. ಟ್ರೈಲರಿನ ಮೂಗಿನಡಿಯ ಗೂಟ ಅದರ ಬಾಯಿಗೆ ಬಂದು ಕೂತರೆ ಬೀಗ ಬೀಳುತ್ತದೆ. ಅಲ್ಲಿ ನನ್ನ ದೊಡ್ಡ ಗಾಡಿಯಲ್ಲೂ ಇದೇ ಇದ್ದದ್ದು.

ತಟ್ಟೆ ಕೂರಿಸಿದ ವೆಲ್ಡರ್ ಪೂವಪ್ಪ ಅಲ್ಲೇ ಇದ್ದ. ಬಾಡಿ ಗಿಡ್ಡವಾದ್ದರಿಂದ ಹೆಚ್ಚು ಮಡಚಿದರೆ ಟ್ರೈಲರಿನ ಮೂಗು ಬಂದು ಕ್ಯಾಬಿನಿಗೇ ಗುದ್ದುತ್ತದೆ, ತಟ್ಟೆ ಹಿಂದಕ್ಕೆ ಜಾರುವ ಹಾಗೆ ಒಂದು ಹಳಿ ಮಾಡಿಕೊಡಲಾ ಎಂದು ಕೇಳಿದ. ಸೈಕಲ್ ಕಲಿಯುವ ಮಕ್ಕಳಿಗೆ ಪಕ್ಕದಲ್ಲಿ ಎರಡು ಪುಟ್ಟ ಚಕ್ರ ಕಟ್ಟುತ್ತಾರಲ್ಲ, ನನಗೂ ಅದನ್ನು ಕಟ್ಟುತ್ತೀಯಾ ಎಂದೆ. ಪೂವಪ್ಪ ತನ್ನ ಸಾಮಾನು ಕಟ್ಟತೊಡಗಿದ. ಹೊರಡುವಾಗ, ರಹ್ಮತಕ್ಕ ಗುರ್ತ ಉಂಟು ನನಗೆ, ಅವರ ಗಾಡಿಗೆ ಚರಳುಕಲ್ಲಿನ ದಾರಿಗೆ ಬೇಕೆಂದು ಪಟ್ಟಿ ಬೆಸುಗೆ ಹಾಕಿಕೊಟ್ಟದ್ದು ನಾನೇ ಎಂದ. ರಹ್ಮತ್ ಎಂದರೆ ಮನೆಯವಳು. ಅವಳನ್ನು ವರ್ಕ್‌ಶಾಪಿನವರೂ ಹೆಸರು ಹಿಡಿದು ಕರೆಯುತ್ತಾರೆಂದು ನನಗೆ ತಿಳಿದಿರಲಿಲ್ಲ.

ಜನವರಿ 25, ಶನಿವಾರ

ಮೊದಲ ಸವಾರಿ. ಮಧೂರಿನ ಹತ್ತಿರದ ಒಂದು ಶಾಲೆಯ ಮೈದಾನಕ್ಕೆ. ವಿಶಾಲ ಜಾಗ, ಎರಡು ಗೇಟು, ಒಂದರಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬರಬಹುದು. ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಹೋಯಿತು. ಡಾಕ್ಟರು ಚಪ್ಪಾಳೆಯನ್ನೇ ತಟ್ಟಿದರು. ಶಾಲೆಯ ಮಕ್ಕಳು ಹಿಂದೆ ಓಡಿಬಂದರು. ನನಗಾದ ಸಂತೋಷವನ್ನು ಯಾಕೆ ಮುಚ್ಚಿಡಲಿ? ನನ್ನ ಊರಿನ ಜನ ನನ್ನ ಕೆಲಸವನ್ನು ಕಣ್ಣಾರೆ ಕಂಡದ್ದು ಇದೇ ಮೊದಲು. ಇಷ್ಟು ವರ್ಷ ಅವರು ಕಂಡದ್ದು ನನ್ನ ಪೆಟ್ಟಿಗೆ, ಅತ್ತರು, ಕಂಬಳಿ ಮಾತ್ರ.

ಸೀತಾಂಗೋಳಿಯಲ್ಲಿ ಎಡಗಡೆಯ ಕನ್ನಡಿ ಹೋಯಿತು. ಬಸ್ಸಿನವನ ತಪ್ಪು.

ಮುಂದಿನ ಶನಿವಾರ ಬೆಳ್ಳೂರಿನ ಆಚೆ, ಗುಡ್ಡದ ಶಾಲೆ. ಡಾಕ್ಟರು ಕಲಿತ ಶಾಲೆ ಅದು. ಅಂಗಳ ಚಿಕ್ಕದು, ಮುಂದಾಗಿ ಹೊಕ್ಕರೆ ಹೊರಬರಲು ಆಗದು. ರಿವರ್ಸಿನಲ್ಲೇ ಹಾಕಬೇಕು, ಆಗುತ್ತದಾ ಎಂದು ಕೇಳಿದರು. ಮಗುವನ್ನು ತೊಟ್ಟಿಲಿಗೆ ಹಾಕಿದ ಹಾಗೆ ಹಾಕಿಕೊಡುತ್ತೇನೆ ಎಂದೆ.

ಫೆಬ್ರವರಿ 1, ಶನಿವಾರ

ಇವತ್ತು ಬರೆಯುವುದಿಲ್ಲ.

ಫೆಬ್ರವರಿ 2, ಭಾನುವಾರ

ಬರೆಯದೆ ಇದ್ದರೆ ಆದದ್ದು ಆಗದೆ ಹೋಗುತ್ತದೆಯೇ?

ಶಾಲೆಗೆ ಹೋಗುವ ದಾರಿ ಅಗಲ ಕಡಿಮೆ. ಒಂದು ಕಡೆ ಶಾಲೆಯ ಕೆಂಪುಕಲ್ಲಿನ ಗೋಡೆ, ಇನ್ನೊಂದು ಕಡೆ ಗುಡ್ಡ ಕಡಿದ ಬರೆ. ಕೆಳಗಿನಿಂದ ಹತ್ತಿ ಹೋದರೆ ಗೇಟು ಎಡಕ್ಕೆ ಸಿಗುತ್ತದೆ. ಗೇಟನ್ನು ದಾಟಿ ಮುಂದೆ ಹೋಗಿ, ಟ್ರೈಲರಿನ ಬಾಲವನ್ನು ಎಡಕ್ಕೆ ಮಡಚಿ ಹಿಂದೆ ತಳ್ಳಬೇಕು. ನನ್ನ ಜೀವಮಾನದಲ್ಲಿ ಸಾವಿರ ಸಲ ಮಾಡಿದ ಕೆಲಸ. ಕಣ್ಣು ಕಟ್ಟಿದರೂ ಮಾಡಿಯೇನು.

ಆದರೆ ಜನ! ಗೋಡೆಯ ಮೇಲೆ, ಬರೆಯ ಮೇಲೆ, ಮರದ ಕೆಳಗೆ. ಒಬ್ಬ ಬರಲಿ ಎನ್ನುತ್ತಾನೆ, ಒಬ್ಬ ಸಾಕು ಎನ್ನುತ್ತಾನೆ, ಒಬ್ಬ ತುಳುವಿನಲ್ಲಿ, ಒಬ್ಬ ಮಲಯಾಳದಲ್ಲಿ. ನಾನು ಯಾರ ಕೈಸನ್ನೆಗೂ ಗಾಡಿ ಓಡಿಸಿದವನಲ್ಲ. ಗಾಜು ಏರಿಸಿ ಎ.ಸಿ. ಹಾಕಿ ಕೂತೆ. ಮೊದಲ ಸಲ ಗೇಟಿನ ಕಂಬಕ್ಕೆ ತಾಗುವ ಹಾಗಾಯಿತು, ಮುಂದೆ ತೆಗೆದೆ. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ಸ್ವಲ್ಪ ಹೆಚ್ಚು ಮಡಚಿದೆ. ಕಲ್ಲು ಬಿದ್ದ ಹಾಗೆ ಒಂದು ಶಬ್ದ. ಟ್ರೈಲರಿನ ಮೂಗು ಬಂದು ಕ್ಯಾಬಿನಿನ ಎಡಮೂಲೆಯನ್ನು ಗುದ್ದಿ, ಹಿಂದಿನ ಗಾಜು ಪುಡಿಪುಡಿಯಾಗಿ ಸೀಟಿನ ಮೇಲೆ ಬಿದ್ದಿತ್ತು. ಸಹಾಯಕಿಯರು ಮೊದಲೇ ಇಳಿದಿದ್ದರು, ಅಲ್‌ಹಮ್ದುಲಿಲ್ಲಾ.

ಇಪ್ಪತ್ತೆರಡು ವರ್ಷದಲ್ಲಿ ಒಂದು ಗಾಜು ಒಡೆದವನಲ್ಲ ನಾನು. ಬಾಡಿ ಗಿಡ್ಡವಾದರೆ ಯಾರು ತಾನೆ ಏನು ಮಾಡಲಾದೀತು?

ಕಾದು ಕೂತಿದ್ದವರು ಎದ್ದು ಹೋದರು. ಮೋಹಿನಿ ಎಂಬ ಮುದುಕಿಯೊಬ್ಬರನ್ನು ಮಕ್ಕಳು ಕುರ್ಚಿ ಸಮೇತ ಹೊತ್ತು ತಂದಿದ್ದರು. ಕೆನ್ನೆ ಬಾತುಕೊಂಡಿತ್ತು. ಅವರನ್ನು ಹಾಗೆಯೇ ಹೊತ್ತುಕೊಂಡು ವಾಪಸ್ಸು ಹೋದರು. ಮುದುಕಿ ನನ್ನನ್ನೇ ನೋಡುತ್ತಾ ಹೋದರು. ಬೈದಿದ್ದರೆ ಒಳ್ಳೆಯದಿತ್ತು.

ಹೆಡ್ಮಾಸ್ಟರ್ ಹರಿನಾಥರು ಒಳ್ಳೆಯ ಮನುಷ್ಯ. ಅದೇ ಕಷ್ಟ. ಹೆಗಲಿಗೆ ಕೈ ಹಾಕಿ, "ಬೇಜಾರು ಮಾಡ್ಬೇಡಿ ರಹಿಮಾನಾಕ, ಗೇಟಿನ ಒಂದು ಕಂಬ ತೆಗ್ಸುವಾ. ಮತ್ತೆ ನಿಮಗೆ ಸಲೀಸು ಉಂಟು" ಎಂದರು. ನನ್ನ ರಿವರ್ಸಿಗೋಸ್ಕರ ಶಾಲೆಯ ಕಂಬ ಕೀಳುವುದು! ಬೇಡವೇ ಬೇಡ ಎಂದು ಎಲ್ಲರ ಮುಂದೆ ಹೇಳಿ ಬಂದೆ.

ಡಾಕ್ಟರು ಸಂಜೆ ಫೋನಿನಲ್ಲಿ ಮೆತ್ತಗೆ ಹೇಳಿದರು. 22ರ ಶನಿವಾರ ಇನ್ನೊಂದು ಸಲ ನೋಡುವುದು. ಅಂದೂ ಆಗದಿದ್ದರೆ ಟ್ರೈಲರನ್ನು ಮಂಗಳೂರಿನವರಿಗೆ ಮಾರುವುದು. ಅವರು ಅದರಲ್ಲಿ ಬೀಚಿನ ಹತ್ತಿರ ಜ್ಯೂಸಿನ ಅಂಗಡಿ ಇಡುತ್ತಾರಂತೆ. ಬಯಲಿನ ಊರುಗಳಿಗೆ ಮಾತ್ರ ಹೋಗುವುದಾದರೆ ಅಷ್ಟು ದೊಡ್ಡದು ತನಗೆ ಯಾಕೆ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ರಿವರ್ಸ್ ರಹಿಮಾನನಿಗೆ ಗಾಡಿ ತಿರುಗಿಸಲು ಬಾರದೆ ಆಸ್ಪತ್ರೆ ಜ್ಯೂಸಿನ ಅಂಗಡಿ ಆಯಿತೆಂದು ಉಪ್ಪಳದ ಪೇಟೆಯಲ್ಲಿ ಹೇಳಿಸಿಕೊಂಡು ನಾನು ಹೇಗೆ ತಿರುಗಾಡಲಿ?

ಫೆಬ್ರವರಿ 4, ಮಂಗಳವಾರ

ಮನೆಯವಳು ಶನಿವಾರ ಶಾಲೆಯ ಹತ್ತಿರ ಇದ್ದಳು. ಶಿಬಿರದ ಊಟಕ್ಕೆ ಪತ್ತಿರಿ ತಂದವಳು ಗೋಡೆಯ ಹತ್ತಿರ ನಿಂತು ಎಲ್ಲವನ್ನೂ ನೋಡಿದ್ದಾಳೆ. ಇವತ್ತು ಊಟಕ್ಕೆ ಕೂತಾಗ ಶುರು ಮಾಡಿದಳು.

"ಒಂದು ಮಾತು ಹೇಳಿದರೆ ಸಿಟ್ಟು ಮಾಡ್ಲಿಕ್ಕಿಲ್ಲ."

ಹೇಳು ಎಂದೆ.

"ನೀವು ಎಡಗಡೆಯಿಂದಲೇ ಹಾಕ್ಲಿಕ್ಕೆ ಹೋದದ್ದು ಎಂತಕ್ಕೆ? ಮೇಲೆ ಕಲ್ಲಿನ ಕೋರೆ ಉಂಟು. ಲಾರಿಗಳೆಲ್ಲ ಅಲ್ಲಿಯೇ ತಿರುಗುವುದು. ಅಲ್ಲಿ ತಿರುಗಿಸಿ ಇಳಿದು ಬಂದರೆ ಗೇಟು ನಿಮ್ಮ ಬಲಕ್ಕೆ ಸಿಗ್ತದೆ. ಕಿಟಕಿಯಿಂದ ತಲೆ ಹಾಕಿದರೆ ಎಲ್ಲ ಕಾಣ್ತದೆ."

ಟ್ರೈಲರನ್ನು ಎಡಕ್ಕೇ ಮಡಚುವುದು, ಎಲ್ಲ ಡ್ರೈವರುಗಳೂ ಹಾಗೆಯೇ ಮಾಡುವುದು, ನಿನಗೆ ಅದೆಲ್ಲ ತಿಳಿಯದು ಎಂದೆ.

"ಅಲ್ಲಿ ಸ್ಟಿಯರಿಂಗ್ ಎಡಗಡೆ ಇತ್ತು. ಇಲ್ಲಿ ಬಲಗಡೆ ಅಲ್ವಾ" ಎಂದಳು. ಆಮೇಲೆ ಸಾರು ಬಡಿಸುತ್ತಾ, ನನ್ನ ಮುಖ ನೋಡದೆ, "ನೀವು ಬಂದು ಆರು ತಿಂಗಳಾಯ್ತು. ಇನ್ನೂ ಅಲ್ಲಿಯ ಸೀಟಿನಲ್ಲೇ ಕೂತಿದ್ದೀರಿ."

ಊಟ ಬಿಟ್ಟು ಎದ್ದೆ. ಅಕ್ಕಿರೊಟ್ಟಿ ಮಾರುವವಳು ನನಗೆ ರಿವರ್ಸ್ ಹೇಳಿಕೊಡುತ್ತಾಳೆ.

ಫೆಬ್ರವರಿ 10, ಸೋಮವಾರ

ಎಚ್‌ನ ಕಂಬ, ಕನ್ನಡಿ, ಗಾಜು. ಮೂರೂ ಎಡಗಡೆಯೇ. ಆಕಸ್ಮಿಕವೂ ಇರಬಹುದು.

ಫೆಬ್ರವರಿ 11, ಮಂಗಳವಾರ

ಹೊಸ ಗಾಜು ಹಾಕಿಸಿ, ಡಾಕ್ಟರ ಒಪ್ಪಿಗೆ ಪಡೆದು, ಟ್ರೈಲರನ್ನು ಹೊಸಂಗಡಿಯ ಆಚೆಯ ಖಾಲಿ ಮೈದಾನಕ್ಕೆ ಒಯ್ದೆ. ಗೇಟಿನ ಕಂಬಗಳ ಜಾಗದಲ್ಲಿ ಮನೆಯಿಂದ ತಂದ ಪ್ಲಾಸ್ಟಿಕ್ ಬಕೆಟುಗಳನ್ನಿಟ್ಟೆ. ಎಡಕ್ಕೆ ಮಡಚಿ ತಳ್ಳಿದೆ. ಒಂದು ಬಕೆಟು ಅಪ್ಪಚ್ಚಿ. ಇನ್ನೊಮ್ಮೆ ತಳ್ಳಿದೆ. ಇನ್ನೊಂದು.

ಅಷ್ಟರಲ್ಲಿ ಮನೆಯವಳು ಗಾಡಿಯಲ್ಲಿ ಬಂದಳು. ಹಿಟ್ಟು ಕಲಸುವ ಬಕೆಟುಗಳಂತೆ ಅವು, ನಾಳೆಗೆ ಬೇಕಂತೆ. ಅಪ್ಪಚ್ಚಿಯಾದದ್ದನ್ನು ಕೈಯಲ್ಲಿ ಹಿಡಿದು ನಗು ತಡೆಯಲು ತುಂಬಾ ಕಷ್ಟಪಟ್ಟಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ಅವಳು ಬಾಯಿ ಬಿಟ್ಟು ಹೇಳಲಿಲ್ಲ. ನನಗೆ ಕೇಳಿಸಿತು.

ಉಳಿದ ಬಕೆಟುಗಳನ್ನು ಒಯ್ಯಬಹುದಿತ್ತು. ಒಯ್ಯಲಿಲ್ಲ. ಗಾಡಿಯ ನೆರಳಿನಲ್ಲಿ ಕುಳಿತು ನೋಡುತ್ತಿದ್ದಳು. ಯಾಕೋ ಬಲಗಡೆಯಿಂದಲೂ ಒಮ್ಮೆ ನೋಡೋಣ ಎಂದು ನನಗೇ ತೋಚಿತು. ಕಿಟಕಿಯಿಂದ ತಲೆ ಹಾಕಿದೆ. ಟ್ರೈಲರಿನ ಮೈ ಉದ್ದಕ್ಕೂ, ಹಿಂದಿನ ಚಕ್ರ, ಬಕೆಟು, ಎಲ್ಲ ಕಣ್ಣೆದುರು. ಒಂದೇ ಏಟಿಗೆ ಒಳಗೆ ಹೋಯಿತು.

ಈ ಊರಿನಲ್ಲಿ ಬಲಗಡೆಯಿಂದ ಹಾಕುವುದೇ ಸರಿ ಎಂದು ತೀರ್ಮಾನಿಸಿದ್ದೇನೆ. ಅನುಭವ ಎಂದರೆ ಇದು.

ಫೆಬ್ರವರಿ 13, ಗುರುವಾರ

ಪೂವಪ್ಪ ಹಳಿ ಹಾಕಿದ. ಬಿಗಿ ತಿರುವು ಬಂದಾಗ ಟ್ರೈಲರಿಗೆ ಬ್ರೇಕ್ ಕಟ್ಟಿ, ಪಿನ್ನು ತೆಗೆದು, ಪಿಕಪ್ಪನ್ನು ಸ್ವಲ್ಪ ಮುಂದಕ್ಕೆ ತಂದರೆ ತಟ್ಟೆ ಹಿಂದಕ್ಕೆ ಜಾರಿ ಕೂರುತ್ತದೆ. ಮೂಗಿಗೂ ಕ್ಯಾಬಿನಿಗೂ ನಡುವೆ ಒಂದಷ್ಟು ಜಾಗ ಸಿಗುತ್ತದೆ. ಅವನು ಅಷ್ಟು ಆಸೆಯಿಂದ ಹೇಳಿದ್ದ, ಮನಸ್ಸು ನೋಯಿಸುವುದು ಬೇಡ ಎಂದು ಒಪ್ಪಿದೆ.

ಫೆಬ್ರವರಿ 15, ಶನಿವಾರ

ಒಂದು ತೊಡಕು ಉಂಟು. ಹಳಿ ಹಾಕಿದರೂ ಮೂಗಿಗೂ ಕ್ಯಾಬಿನಿಗೂ ನಡುವೆ ಗೇಟಿಗೆ ಬೇಕಾದಷ್ಟು ಮಡಚಿದಾಗ ಉಳಿಯುವುದು ಒಂದು ಗೇಣು. ಗೇಟನ್ನು ನೋಡುವಾಗ ಆ ಗೇಣು ಕಾಣುವುದಿಲ್ಲ. ಗೇಣನ್ನು ನೋಡಲು ತಿರುಗಿದರೆ ಗೇಟು ಕಾಣುವುದಿಲ್ಲ. ಅದರ ಮೇಲೆ ಪಿಕಪ್ಪಿನ ಮೂತಿ ಎಡಕ್ಕೆ ಹೊರಳಿ ಬರೆಗೆ ತಾಗುವ ಭಯ. ಕೆಳಗೆ ಒಬ್ಬರು ನಿಂತು ನೋಡಲೇಬೇಕು. ಬರಲಿ ಬರಲಿ ಎನ್ನುವವರು ಊರು ತುಂಬಾ ಸಿಗುತ್ತಾರೆ. ಟ್ರೈಲರು ಮುಂದೆ ಏನು ಮಾಡುತ್ತದೆಂದು ತಿಳಿದವರು ಬೇಕಲ್ಲ.

ಮನೆಯವಳಿಗೇ ಕಲಿಸುತ್ತೇನೆ. ಬೇರೆ ಯಾರನ್ನಾದರೂ ನಿಲ್ಲಿಸಿದರೆ ಪೇಟೆಯಲ್ಲಿ ಸುದ್ದಿ.

ಫೆಬ್ರವರಿ 16, ಭಾನುವಾರ

ಕೆಳಗೆ ನಿಂತು ನೋಡಿದರೆ ಅವಳಿಗೆ ಅರ್ಥವಾಗಲಿಲ್ಲ. "ಸ್ಟಿಯರಿಂಗ್ ಹಿಡಿಯದೆ ನನಗೆ ಗೊತ್ತಾಗ್ಲಿಕ್ಕಿಲ್ಲ" ಎಂದಳು. ಅದೂ ಸರಿಯೇ. ಕೂರಿಸಿದೆ.

ಮೊದಲು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದಳು. ಬಾಲ ಬಲಕ್ಕೆ ಹೋಗಲೆಂದು ಸ್ಟಿಯರಿಂಗನ್ನೂ ಬಲಕ್ಕೆ ತಿರುಗಿಸಿದಳು. ಟ್ರೈಲರು ಎಡಕ್ಕೆ ಓಡಿತು. ನಾನು ಪಕ್ಕದ ಸೀಟಿನಿಂದ ಅವಳ ಕೈ ಹಿಡಿದು ಸ್ಟಿಯರಿಂಗಿನ ಕೆಳತುದಿಯಲ್ಲಿಟ್ಟೆ. ಕೈಯನ್ನು ಇಲ್ಲಿಂದ ತೆಗೆಯಬೇಡ, ಬಾಲ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆ ಸರಿಸು, ಬೇರೇನೂ ಯೋಚಿಸಬೇಡ ಎಂದೆ. ಸರಿಸಿದಳು. ಬಾಲ ಅವಳ ಕೈ ಹೋದ ಕಡೆಗೆ ಹೋಯಿತು. ಇನ್ನೊಮ್ಮೆ ಮಾಡಿದಳು. ಆಮೇಲೆ ಗಾಡಿ ನಿಲ್ಲಿಸಿ, ಇದನ್ನು ನಿಮಗೆ ಯಾರು ಹೇಳಿಕೊಟ್ಟದ್ದು ಎಂದು ಕೇಳಿದಳು.

ಒಬ್ಬ ಮುದುಕ ಪಠಾಣ ಎಂದೆ. ಆಮೇಲೆ ಅವನ ಕಥೆ ಹೇಳಿದೆ. ಅವನ ಕಥೆಯಿಂದ ಯಾರ್ಡಿನ ಕಥೆ, ಮರಳು ಗಾಳಿಗೆ ದಾರಿ ಕಾಣದೆ ಗಾಡಿಯಲ್ಲೇ ರಂಜಾನಿನ ನೋಂಬು ಬಿಟ್ಟ ದಿನದ ಕಥೆ. ಫೋನಿನಲ್ಲಿ ಇಷ್ಟು ವರ್ಷ ನಾವು ಮಾತಾಡಿದ್ದು ನನ್ನ ಹೆತ್ತ ಉಮ್ಮನ ಔಷಧಿ, ಮನೆಯ ರಿಪೇರಿ, ಮಗಳ ಮದುವೆ. ನಾನು ಅಲ್ಲಿ ಹಗಲೆಲ್ಲ ಏನು ಮಾಡುತ್ತಿದ್ದೆನೆಂದು ಅವಳು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಅವಳೂ ಹೇಳಿದಳು. ಉಮ್ಮನನ್ನು ಡಯಾಲಿಸಿಸಿಗೆ ಮಂಗಳೂರಿಗೆ ಕರೆದೊಯ್ಯುತ್ತಿದ್ದದ್ದು ಆ ಪತ್ತಿರಿಯ ಗಾಡಿಯಲ್ಲೇ. ಉಮ್ಮ ಪಕ್ಕದ ಸೀಟಿನಲ್ಲಿ ಒರಗಿಕೊಂಡು, ನಿಧಾನ ಹೋಗು ಮಗಳೇ, ಸಾವಿಗೆ ಅವಸರ ಇಲ್ಲ ಎನ್ನುತ್ತಿದ್ದರಂತೆ. ಹೈವೇ ಅಗೆದು ಹಾಕಿದ್ದ ವರ್ಷಗಳವು. ಡಯಾಲಿಸಿಸ್ ಮಾಡಿಸಿದ್ದು ನನಗೆ ಗೊತ್ತಿತ್ತು. ಯಾರು ಓಡಿಸಿದರೆಂದು ನಾನು ಯೋಚಿಸಿಯೇ ಇರಲಿಲ್ಲ.

ಸಂಜೆಯ ಮಗ್ರಿಬ್ ಬಾಂಗ್ ಕೇಳಿದ ಮೇಲೆ ಮನೆಗೆ ಬಂದೆವು. ಇವತ್ತು ಬರೆದದ್ದು ಹೆಚ್ಚಾಯಿತು.

ಫೆಬ್ರವರಿ 18, ಮಂಗಳವಾರ

ರಹ್ಮತ್ ಐದು ಸಲ ಹಾಕಿದಳು. ಐದೂ ಸಲ ಬಕೆಟು ಉಳಿಯಿತು.

ಫೆಬ್ರವರಿ 20, ಗುರುವಾರ

ರಹ್ಮತ್ ಕೆಳಗೆ, ನಾನು ಮೇಲೆ: ಒಂದು ಸಲ ಮೂಗು ಕ್ಯಾಬಿನಿಗೆ ತಾಗಿತು. ಅವಳಿಗೆ ಕಂಡಿತ್ತು, ಆದರೆ ಹೇಳುವಷ್ಟರಲ್ಲಿ ತಡವಾಗಿತ್ತು. ಟ್ರೈಲರು ಏನು ಮಾಡಿದೆಯೆಂದು ಅವಳಿಗೆ ಕಾಣುತ್ತದೆ; ಏನು ಮಾಡಲಿದೆಯೆಂದು ತಿಳಿಯಲು ವರ್ಷಗಳು ಬೇಕು. ನಾನು ಕೆಳಗೆ, ರಹ್ಮತ್ ಮೇಲೆ: ಒಂದು ಸಲವೂ ತಾಗಲಿಲ್ಲ.

ಲೆಕ್ಕ ಹೀಗೆ ಉಂಟು. ಇದನ್ನು ಯಾರಿಗೆ ಹೇಳಲಿ?

ಅವಳ ಕೈ ಹಗುರ. ಹಿಟ್ಟು ಒತ್ತಿ ಒತ್ತಿ ಬಂದದ್ದೋ ಏನೋ, ಎಲ್ಲಿಯೂ ಜಗ್ಗುವುದಿಲ್ಲ. ನನ್ನ ಜೊತೆ ಹೊಸದಾಗಿ ಸೇರಿದ ಹುಡುಗರಲ್ಲಿ ಇಂಥ ಕೈ ಒಬ್ಬನಿಗೂ ಇರಲಿಲ್ಲ. ಇದನ್ನು ಅವಳಿಗೆ ಹೇಳಿದೆ. ಬಕೆಟು ತೊಳೆಯುತ್ತಿದ್ದವಳು ತಿರುಗಿ, "ಜ್ವರ ಬಂದಿದೆಯಾ ನಿಮಗೆ?" ಎಂದು ಹಣೆ ಮುಟ್ಟಿ ನೋಡಿದಳು.

ಫೆಬ್ರವರಿ 22, ಶನಿವಾರ

ಬೆಳಿಗ್ಗೆ ನಾನೇ ಓಡಿಸಿದೆ. ಕುಂಬಳೆ, ಸೀತಾಂಗೋಳಿ, ಬದಿಯಡ್ಕ, ಮುಳ್ಳೇರಿಯ, ಎಲ್ಲಿಯೂ ಏನೂ ತಾಗಲಿಲ್ಲ. ರಹ್ಮತ್ ಪಕ್ಕದಲ್ಲಿ ಪತ್ತಿರಿಯ ಪಾತ್ರೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಶಾಲೆಯ ಗೇಟನ್ನು ನಿಲ್ಲದೆ ದಾಟಿ ಗುಡ್ಡ ಹತ್ತಿದಾಗ ಗ್ರಾಮದವರೆಲ್ಲ, ಬ್ಯಾರಿಗೆ ದಾರಿ ತಪ್ಪಿತು ಎಂದು ಕೂಗಿದ್ದು ಕೇಳಿಸಿತು. ಕೋರೆಯಲ್ಲಿ ಕಲ್ಲಿನ ಲಾರಿಗಳು ತಿರುಗಿ ತಿರುಗಿ ನೆಲ ಅಂಗಳದ ಹಾಗೆ ಆಗಿದೆ. ಅಲ್ಲಿ ತಿರುಗಿಸಿ, ಟ್ರೈಲರಿಗೆ ಬ್ರೇಕ್ ಕಟ್ಟಿ, ತಟ್ಟೆಯನ್ನು ಹಿಂದಕ್ಕೆ ಜಾರಿಸಿ, ಪಿನ್ನು ಹಾಕಿದೆ. ನಿಧಾನವಾಗಿ ಇಳಿದು ಗೇಟನ್ನು ದಾಟಿಸಿ ನಿಲ್ಲಿಸಿದೆ. ಗೇಟು ಈಗ ಬಲಕ್ಕೆ.

ಕಳೆದ ಸಲಕ್ಕಿಂತ ಹೆಚ್ಚು ಜನ. ಹಲ್ಲುನೋವು ಇಲ್ಲದವರೂ ಬಂದಿದ್ದರು, ನನ್ನನ್ನು ನೋಡಲಿಕ್ಕೆ. ಮೋಹಿನಿ ಮುದುಕಿಯ ಕುರ್ಚಿ ಜಗಲಿಯ ಮೇಲಿತ್ತು. ಡಾಕ್ಟರು ಕೈಕಟ್ಟಿ ನಿಂತಿದ್ದರು. ಹರಿನಾಥರು ಒಂದು ಹಾರೆಯನ್ನು ಗೋಡೆಗೆ ಒರಗಿಸಿಟ್ಟದ್ದನ್ನು ಕಂಡೆ. ಕಂಬ ಕೀಳಲು, ನನ್ನ ಮರ್ಯಾದೆಗೆ ಬೇಕಾಗಿ.

ಹ್ಯಾಂಡ್‌ಬ್ರೇಕ್ ಎಳೆದು ನಾನು ಇಳಿದೆ. ರಹ್ಮತ್ ಪಾತ್ರೆಯನ್ನು ಹಿಂದಿನ ಸೀಟಿನಲ್ಲಿಟ್ಟು, ಶಿರವಸ್ತ್ರ ಬಿಗಿ ಮಾಡಿಕೊಂಡು, ಈ ಕಡೆ ಬಂದು ಹತ್ತಿದಳು. ಜನ ಕತ್ತು ಚಾಚಿದರು. ಆಮೇಲೆ ಪಿಸುಪಿಸು. ಬರೆಯ ಮೇಲಿದ್ದ ಒಬ್ಬ, ಗಂಡಸಿಗೆ ಆಗದ್ದು ಹೆಂಗಸಿಗೆ ಆಗುತ್ತದಾ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಇಪ್ಪತ್ತೆರಡು ವರ್ಷದ ಹೆಸರು ಅವನ ಬಾಯಲ್ಲಿ ಹೋಯಿತು. ಹೋಗಲಿ ಎಂದುಕೊಂಡೆ. ನನ್ನ ಕಣ್ಣು ಆ ಒಂದು ಗೇಣಿನ ಮೇಲಿತ್ತು.

ಯಾರೂ ಬಾಯಿ ತೆರೆಯಬಾರದು, ಸನ್ನೆ ಕೊಡುವುದು ನಾನೊಬ್ಬನೇ ಎಂದು ಹರಿನಾಥರಿಂದ ಹೇಳಿಸಿದೆ. ಬರೆಗೂ ಪಿಕಪ್ಪಿಗೂ ನಡುವೆ, ಅವಳ ಎಡಗನ್ನಡಿಯಲ್ಲಿ ಕಾಣುವ ಜಾಗದಲ್ಲಿ ನಿಂತೆ. ಕೈ ಎತ್ತಿದೆ. ಏರಿಗೆ ರಿವರ್ಸು, ಅಷ್ಟು ಭಾರ. ಗಾಡಿ ಒಮ್ಮೆ ನಡುಗಿತು. ಆಮೇಲೆ ಬಾಲ ಬಲಕ್ಕೆ ತಿರುಗಲು ಶುರುವಾಯಿತು. ಅವಳ ತಲೆ ಒಮ್ಮೆ ಕಿಟಕಿಯ ಹೊರಗೆ, ಒಮ್ಮೆ ಎಡಗನ್ನಡಿಯ ಕಡೆಗೆ, ಕೈ ಸ್ಟಿಯರಿಂಗಿನ ಕೆಳತುದಿಯಲ್ಲಿ. ಮೂಗು ಕ್ಯಾಬಿನಿನ ಹತ್ತಿರ ಬಂತು. ಇನ್ನೂ ಹತ್ತಿರ. ನಾನು ಮುಷ್ಟಿ ಹಿಡಿದೆ. ಅವಳು ಅಲ್ಲೇ ನಿಲ್ಲಿಸಿದಳು, ಉಸಿರಿನಷ್ಟೂ ಹಿಂದೆ ಬರಲಿಲ್ಲ. ಸ್ವಲ್ಪ ಮುಂದೆ ತೆಗೆ ಎಂದು ತೋರಿಸಿದೆ, ತೆಗೆದಳು. ಮಡಿಕೆ ಬಿಚ್ಚಿತು. ಮತ್ತೆ ಹಿಂದೆ. ಟ್ರೈಲರಿನ ಬಾಲ ಎರಡು ಕಂಬಗಳ ನಡುವೆ ಹೊಕ್ಕಿತು, ಆಮೇಲೆ ಹೊಟ್ಟೆ, ಆಮೇಲೆ ಪಿಕಪ್ಪು ತಾನಾಗಿ ನೆಟ್ಟಗಾಯಿತು. ಅಂಗಳದ ನೆಲ್ಲಿಮರದ ಹತ್ತಿರ ಬಂದಾಗ ನಾನು ಅಂಗೈ ತೋರಿಸಿದೆ. ನಿಂತಿತು.

ಕಂಬಗಳ ಸುಣ್ಣ ಕೂಡ ಉದುರಿರಲಿಲ್ಲ. ನಾನು ಹೋಗಿ ಎರಡನ್ನೂ ಮುಟ್ಟಿ ನೋಡಿದೆ.

ಶಾಲೆಯ ಮಕ್ಕಳು ಬೊಬ್ಬೆ ಹಾಕಿದರು. ಡಾಕ್ಟರು ಓಡಿಬಂದು ಎರಡು ಕೈಯಲ್ಲೂ ನನ್ನ ಕೈ ಹಿಡಿದುಕೊಂಡರು. ಹರಿನಾಥರು, "ಭಾರೀ ಆಯ್ತು ರಹಿಮಾನಾಕ. ನಿಮ್ಮ ಹೆಸರು ಸುಮ್ಮನೆ ಅಲ್ಲ" ಎಂದರು. ಹೌದು ಎಂದು ಬಿಡಬಹುದಿತ್ತು. ಕೈ ತೋರಿಸಿದ್ದು ನಾನೇ ತಾನೆ. ಅಷ್ಟರಲ್ಲಿ ಬರೆಯ ಮೇಲಿನವನು ಇಳಿದು ಬಂದು, ಸ್ಟಿಯರಿಂಗಿನಲ್ಲಿ ಯಾರದು, ಅವರನ್ನು ಎಲ್ಲಿಂದ ಕರೆಸಿದ್ದು ಎಂದು ಕೇಳಿದ.

"ಎಲ್ಲಿಂದಲೂ ಕರೆಸಿದ್ದಲ್ಲ. ನನ್ನ ಹೆಂಡತಿ, ರಹ್ಮತ್. ಉಪ್ಪಳದಲ್ಲಿ ಇವಳಷ್ಟು ಚಂದ ಗಾಡಿ ಓಡಿಸುವವರು ಯಾರೂ ಇಲ್ಲ" ಎಂದೆ.

"ನೀವು?"

"ನಾನೂ ಸೇರಿ."

ಅಷ್ಟು ಜೋರಾಗಿ ಹೇಳಬೇಕಾಗಿರಲಿಲ್ಲ. ರಹ್ಮತ್ ಕ್ಯಾಬಿನಿನಿಂದ ಇಳಿಯದೆ ಸುಮ್ಮನೆ ಮುಂದೆ ನೋಡುತ್ತಾ ಕೂತಿದ್ದಳು. ಹತ್ತಿರ ಹೋದಾಗ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಕ್ಲಚ್ಚಿನ ಹೊಗೆ ಎಂದಳು. ನನಗೂ ಹೊಗೆ ತಾಗಿತು.

ಟ್ರೈಲರಿನ ಕಾಲು ಇಳಿಸಿ ಪಿಕಪ್ಪನ್ನು ಬಿಚ್ಚಿದೆವು. ಮೋಹಿನಿ ಮುದುಕಿಯನ್ನು ಮೊದಲು ಒಳಗೆ ಒಯ್ದರು. ಹಲ್ಲು ಕಿತ್ತಾದ ಮೇಲೆ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಹೊರಬಂದರು. ಮಾತಾಡಲಾಗದೆ ರಹ್ಮತಳ ಗಲ್ಲ ಹಿಡಿದು ಅಲ್ಲಾಡಿಸಿದರು.

ಹೊರಡುವಾಗ ಕೀಲಿಕೈ ರಹ್ಮತಳ ಕೈಯಲ್ಲೇ ಇತ್ತು, ನಾನು ಕೇಳಲಿಲ್ಲ. ಗಾಡಿಯನ್ನು ಸುತ್ತಿ ಬಂದು ಎಡಗಡೆಯ ಬಾಗಿಲಿನಿಂದ ಹತ್ತಿದೆ. ಮೊದಮೊದಲು ಕಾಲು ಬ್ರೇಕನ್ನು ಹುಡುಕಿತು. ಇನ್ನೊಬ್ಬರು ಓಡಿಸುವ ಗಾಡಿಯಲ್ಲಿ ನಾನು ಕಣ್ಣು ಮುಚ್ಚಿದವನಲ್ಲ. ಡ್ರೈವರಿಗಿಂತ ಮೊದಲು ನಾನೇ ಹೊಂಡ ಕಂಡು ನೆಲ ಒತ್ತುತ್ತೇನೆ. ಬದಿಯಡ್ಕ ದಾಟಿದ್ದು ನೆನಪುಂಟು. ಆಮೇಲೆ ನೆನಪಿಲ್ಲ. ರಹ್ಮತ್ ಭುಜ ತಟ್ಟಿ, "ಏಳಿ, ಮನೆ ಬಂತು" ಎಂದಾಗ ಎಚ್ಚರವಾಯಿತು. ಗಾಡಿ ಯಾವಾಗ ನಿಂತಿತೆಂದೇ ನನಗೆ ಗೊತ್ತಾಗಿರಲಿಲ್ಲ.